ಟ್ರಾನ್ಸ್‌ಮಿಟರ್ ಬಿಚ್ಚುವ ಮುಂಚೆ ಮೀಟರ್ ಹಿಡೀರಿ

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿ, ಪಣಂಬೂರು, ಆಚೆ ಪಡುಬಿದ್ರಿ ಕಡೆ ಪ್ಲಾಂಟಲ್ಲಿ ದುಡಿಯುವ ಇನ್‌ಸ್ಟ್ರುಮೆಂಟ್ ಹುಡುಗರು ಸ್ವಲ್ಪ ರೇಡಿಯೊ ಜೋರು ಮಾಡಿ, ಉಳಿದವರೂ ಕೇಳಿ, ತೊಂದ್ರೆ ಇಲ್ಲ.

ಟ್ಯಾಂಕಿನ ಲೆವೆಲ್, ಪೈಪಿನ ಪ್ರೆಶರ್ ಅಳೆಯುವ ಟ್ರಾನ್ಸ್‌ಮಿಟರ್ ಉಂಟಲ್ಲ, ಅದು ಎರಡು ವಯರಲ್ಲಿ 4ರಿಂದ 20 ಮಿಲಿಆಂಪ್ ಕರೆಂಟ್ ಕಳಿಸ್ತದೆ, ಅದೇ ವಯರಲ್ಲಿ ಹಾರ್ಟ್ ಅಂತ ಇನ್ನೊಂದು ಸಿಗ್ನಲ್ ಸಣ್ಣಕ್ಕೆ ಓಡ್ತದೆ, 1200 ಮತ್ತು 2200 ಹರ್ಟ್ಸಲ್ಲಿ. ಹ್ಯಾಂಡ್‌ಹೆಲ್ಡ್, ಅಂದ್ರೆ ಈ ಹಾರ್ಟ್ ಸಿಗ್ನಲ್ ಓದುವ ಕೈಯಲ್ಲಿ ಹಿಡಿಯುವ ಯಂತ್ರ, ಅದನ್ನು ಸಿಕ್ಕಿಸಿದ್ರೆ ಟ್ರಾನ್ಸ್‌ಮಿಟರ್ ಮಾತಾಡ್ತದೆ. ಮಾತಾಡ್ಲಿಲ್ಲ ಅಂದ್ರೆ ನಮ್ಮವರು ಎಂತ ಹೇಳುದು? ಟ್ರಾನ್ಸ್‌ಮಿಟರ್ ಹೋಯ್ತು ಸಾರ್! ಹೋಗ್ಲಿಲ್ಲ ಮಾರಾಯ್ರೆ. ಮೊದ್ಲು ಲೂಪಲ್ಲಿ, ಅಂದ್ರೆ ಆ ಎರಡು ವಯರಿನ ಸರ್ಕ್ಯೂಟಲ್ಲಿ, 250 ಓಮ್ ರೆಸಿಸ್ಟೆನ್ಸ್ ಉಂಟಾ ನೋಡಿ.

ಇಲ್ಲೇ ಒಂದು ಫ್ಯಾಕ್ಟರಿ, ಹೆಸರು ಬೇಡ. ಆಟಿ ತಿಂಗಳ ಮಳೆ. ರೈನ್‌ಕೋಟ್ ಹಾಕಿ ಟ್ಯಾಂಕ್ ಹತ್ತಿದವನಿಗೆ ಹ್ಯಾಂಡ್‌ಹೆಲ್ಡಲ್ಲಿ ಡಿವೈಸೇ ಸಿಗ್ತಾ ಇಲ್ಲ. ಹೊಸ ಟ್ರಾನ್ಸ್‌ಮಿಟರ್ ತಂದು ಹಾಕಿದ್ರು, ಅದೂ ಇಲ್ಲ. ಕೇಬಲ್ ಬದಲಾಯಿಸಿದ್ರು, ಆಗ್ಲೂ ಇಲ್ಲ. ಕೊನೆಗೆ ನನ್ನನ್ನು ಕರೆದ್ರು. ಚಾ ಕೊಟ್ರು, ಗೋಳಿಬಜೆ ಕೊಟ್ರು, ಡ್ರಾಯಿಂಗ್ ಮಾತ್ರ ಕೊಡ್ಲಿಲ್ಲ. ನಾನು ಕೇಳಿದ್ದು ಒಂದೇ, ಲೆವೆಲ್ ರೀಡಿಂಗ್ ಬರ್ತಾ ಉಂಟಾ? ಸರಿಯಾಗೇ ಬರ್ತದೆ ಸಾರ್. ಹಾಗಾದ್ರೆ ಟ್ರಾನ್ಸ್‌ಮಿಟರ್ ಸತ್ತದ್ದು ಎಲ್ಲಿ? ಪ್ಯಾನೆಲ್ ತೆಗೆಸಿ ನೋಡಿದ್ರೆ ಬೇಸಿಗೆಯ ಶಟ್‌ಡೌನಲ್ಲಿ ಪಿಎಲ್‌ಸಿ, ಅಂದ್ರೆ ಪ್ಲಾಂಟ್ ನಡೆಸುವ ಕಂಪ್ಯೂಟರ್, ಅದರ ಸಿಗ್ನಲ್ ಓದುವ ಕಾರ್ಡ್ ಬದಲಾಯಿಸಿದ್ದಾರೆ, ಹಳೇ ಕಾರ್ಡ್ 1ರಿಂದ 5 ವೋಲ್ಟ್ ಓದುವಂಥದ್ದು, ಅದರ ಟರ್ಮಿನಲಲ್ಲಿ 250 ಓಮ್ ರೆಸಿಸ್ಟರ್ ಇತ್ತು, ಹೊಸದು ನೇರ ಕರೆಂಟೇ ಓದ್ತದೆ, ಹಾಗಾಗಿ ಇದು ಇನ್ನೆಂತಕ್ಕೆ ಅಂತ ರೆಸಿಸ್ಟರ್ ಕಿತ್ತು ಕಸಕ್ಕೆ ಹಾಕಿದ್ದಾರೆ. ರೀಡಿಂಗಿಗೆ ತೊಂದ್ರೆ ಇಲ್ಲ. ಹಾರ್ಟಿಗೆ ಉಂಟು, ಯಾಕಂದ್ರೆ ಅದರದ್ದು ಆ ಕರೆಂಟಿನ ಮೇಲೆ ಬರೀ ಅರ್ಧ ಮಿಲಿಆಂಪ್ ಅಲುಗಾಟ, 250 ಓಮ್ ಇದ್ರೆ ಅದು 0.125 ವೋಲ್ಟಾಗಿ ಹ್ಯಾಂಡ್‌ಹೆಲ್ಡಿಗೆ ಕೇಳಿಸ್ತದೆ, ಇಲ್ಲದಿದ್ರೆ ಪವರ್ ಸಪ್ಲೈ ಅದನ್ನು ನುಂಗಿಬಿಡ್ತದೆ. ಸೀರೀಸಲ್ಲಿ ಒಂದು ರೆಸಿಸ್ಟರ್ ಹಾಕಿದ್ದೇ ಡಿವೈಸ್ ಬಂತು. ಅಷ್ಟು ಚಿಲ್ಲರೆ ಸಾಮಾನಿಗೆ ಹೊಸ ಟ್ರಾನ್ಸ್‌ಮಿಟರಾ?

ಹಾಂ, ಟೈಮ್ ಆಗ್ತಾ ಬಂತಂತೆ, ಬೇಗ ಹೇಳ್ತೇನೆ. ಸಪ್ಲೈ ಟರ್ಮಿನಲ್ ಮೇಲೆ ಹ್ಯಾಂಡ್‌ಹೆಲ್ಡಿನ ಕ್ಲಿಪ್ ಹಾಕ್ಬೇಡಿ, ಟ್ರಾನ್ಸ್‌ಮಿಟರ್ ಮೇಲೆ ಹಾಕಿ, ಇಲ್ಲ ರೆಸಿಸ್ಟರ್ ಮೇಲೆ. 20 ಮಿಲಿಆಂಪಲ್ಲಿ 250 ಓಮೇ 5 ವೋಲ್ಟ್ ತಿಂತದೆ, 24 ವೋಲ್ಟ್ ಸಪ್ಲೈಯಲ್ಲಿ ಉಳಿದದ್ದು 19, ಕೇಬಲ್ ತಿಂದದ್ದು ಬೇರೆ, ಹಾಗಾಗಿ ಟ್ರಾನ್ಸ್‌ಮಿಟರ್ ಹತ್ತಿರವೇ ವೋಲ್ಟೇಜ್ ನೋಡಿ. ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ಜಂಕ್ಷನ್ ಬಾಕ್ಸಲ್ಲಿ ಟರ್ಮಿನಲ್ ಹಸಿರು ಹಿಡೀತದೆ, ಕೇಬಲ್ ಒಳಗೆ ಹೋಗುವಲ್ಲಿಯ ಗ್ಲ್ಯಾಂಡ್ ಸಡಿಲ ಇದ್ರೆ ನೀರೂ ನಿಲ್ತದೆ. ಕೇಬಲಿನ ಶೀಲ್ಡ್ ಒಂದೇ ಬದಿ ಅರ್ತ್ ಮಾಡಿ. ಆದ್ರೆ ಇದೆಲ್ಲ 250 ಓಮ್ ನೋಡಿದ ಮೇಲೆ, ಆಯ್ತಾ? ಮತ್ತೆ ಪೋಲಿಂಗ್ ಅಡ್ರೆಸ್, ಅಂದ್ರೆ ಹಾರ್ಟಲ್ಲಿ ಟ್ರಾನ್ಸ್‌ಮಿಟರನ್ನು ಕರೆಯುವ ನಂಬರ್, ಅದನ್ನು ಯಾರಾದ್ರೂ 0 ಬಿಟ್ಟು ಬೇರೆ ಮಾಡಿಟ್ಟಿದ್ರೆ ಹ್ಯಾಂಡ್‌ಹೆಲ್ಡ್ 0ರಲ್ಲೇ ಹುಡುಕ್ತಾ ಕೂರ್ತದೆ, ಹಳೇ ಡಿವೈಸಾದ್ರೆ 15ರವರೆಗೂ, ಹೊಸದಾದ್ರೆ 63ರವರೆಗೂ ಹುಡುಕ್ಲಿಕ್ಕೆ ಹೇಳಿ. ನಮಸ್ಕಾರ.