ಹಳೇ ಮಾತ್ರೆಗೆ ಯಜಮಾನ ಯಾರು?

ಎಲ್ಲರಿಗೂ ನಮಸ್ಕಾರ. ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಅಂದರೇನು ಅಂತ ಶುರು ಮಾಡುವುದಿಲ್ಲ. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಮನೆಯಲ್ಲಿ ಅದನ್ನು ದಿನಾ ನೋಡುತ್ತಿದ್ದೀರಿ. ಬೇರೆ ಕಾಯಿಲೆಗೆಂದು ಮಾಡಿದ ಮಾತ್ರೆ ಇದಕ್ಕೆ ಕೆಲಸಕ್ಕೆ ಬರುತ್ತದಾ? ಇಷ್ಟೇ ಇವತ್ತಿನ ಮಾತು.

ಬಂದಿದೆ. ನಿಮ್ಮ ಮಾತ್ರೆ ಡಬ್ಬಿಯಲ್ಲಿರುವ ಮೆಮಾಂಟಿನ್ 1960ರ ದಶಕದಲ್ಲಿ ಎಲಿ ಲಿಲ್ಲಿ ಕಂಪನಿ ಸಕ್ಕರೆ ಕಾಯಿಲೆಗೆಂದು ತಯಾರಿಸಿದ್ದು. ಸಕ್ಕರೆ ಇಳಿಯಲಿಲ್ಲ. ಜರ್ಮನಿಯವರು ಅದನ್ನು ಮಿದುಳಿನ ಕಾಯಿಲೆಗಳಿಗೆ ಬಳಸಿದರು. 2003ರಲ್ಲಿ ಅಮೆರಿಕ ಅದನ್ನು ಆಲ್ಜೈಮರ್‌ಗೆ ಒಪ್ಪಿತು. ಕಾಯಿಲೆ ನಿಲ್ಲುವುದಿಲ್ಲ, ಸ್ವಲ್ಪ ಕಾಲ ಕೈ ಹಿಡಿಯುತ್ತದೆ, ಅಷ್ಟೇ.

ಈಗ ಡಿಮೆಬಾನ್ ಕತೆ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾರೆ, ನಿಮಗೆ ಹೊಸದು ಅಲ್ವಾ! ರಷ್ಯಾದಲ್ಲಿ ಅಲರ್ಜಿಗೆ ಕೊಡುತ್ತಿದ್ದ ಹಳೇ ಮಾತ್ರೆ ಅದು. ಅಲ್ಲೇ 183 ಆಲ್ಜೈಮರ್ ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಅರ್ಧ ಜನಕ್ಕೆ ಅಸಲಿ, ಉಳಿದವರಿಗೆ ಸುಮ್ನೆ ಹಿಟ್ಟಿನ ಮಾತ್ರೆ. 2008ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅಸಲಿ ತಿಂದವರು ಸುಧಾರಿಸಿದ್ದರು, ಹಿಟ್ಟಿನವರು ಕುಸಿದಿದ್ದರು. ಔಷಧ ಕಂಪನಿ ಫೈಜರ್ ಓಡಿ ಬಂದು 22.5 ಕೋಟಿ ಡಾಲರ್ ಮುಂಗಡ ಕೊಟ್ಟು ಪಾಲುದಾರನಾಯಿತು. 2010ರ ಮಾರ್ಚ್. ದೊಡ್ಡ ಪರೀಕ್ಷೆ, 598 ಜನ. ಈ ಸಲ ಹಿಟ್ಟಿನ ಮಾತ್ರೆಯವರು ಅಷ್ಟಾಗಿ ಕುಸಿಯಲೇ ಇಲ್ಲ. ಅಸಲಿಯವರೂ ಅಲ್ಲೇ. ವ್ಯತ್ಯಾಸ ಸೊನ್ನೆ! ಫೈಜರ್ ಬಗ್ಗೆ ಮರುಗಬೇಡಿ. ಎದೆನೋವಿಗೆಂದು ಹುಡುಕಹೊರಟ ವಯಾಗ್ರದಲ್ಲಿ ಅವರು ಸಾಕಷ್ಟು ದುಡಿದಿದ್ದಾರೆ.

ನಾನು ಹೇಳುವುದು ಇಷ್ಟು. ಡಿಮೆಬಾನ್‌ಗೆ ದುಡ್ಡು ಹಾಕುವ ಯಜಮಾನ ಸಿಕ್ಕಿದ್ದರಿಂದ ಆ ದೊಡ್ಡ ಪರೀಕ್ಷೆ ನಡೆಯಿತು. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್‌ಗೂ ಯಜಮಾನ ಇದ್ದ. ಅದನ್ನು ತಯಾರಿಸುವ ನೋವೊ ನಾರ್ಡಿಸ್ಕ್ ಕಂಪನಿ ಸುಮಾರು 3,800 ಜನರ ಮೇಲೆ ಪರೀಕ್ಷೆ ಮಾಡಿ, 2025ರ ನವೆಂಬರ್‌ನಲ್ಲಿ 'ಕಾಯಿಲೆಯ ವೇಗ ತಗ್ಗಲಿಲ್ಲ' ಅಂತ ಹೇಳಿತು. ಕಹಿಯೋ ಸಿಹಿಯೋ, ಉತ್ತರ ಸಿಕ್ಕಿತು. ಪೇಟೆಂಟ್ ಮುಗಿದ, ಒಂದೆರಡು ರೂಪಾಯಿಯ ಮಾತ್ರೆಗೆ ಯಾರು ಕೋಟಿ ಸುರಿಯುತ್ತಾರೆ? ಗೆದ್ದರೂ ಲಾಭವಿಲ್ಲ. ಸರ್ಕಾರವೇ ಸುರಿಯಬೇಕು. ಪರೀಕ್ಷೆ ಆಗುವ ತನಕ ವಾಟ್ಸಾಪ್ ನೋಡಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮರೆವಿಗೆಂದು ನುಂಗಬೇಡಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಉಳಿಯಿತು, ಅದಕ್ಕೆ ಮನುಷ್ಯರಲ್ಲಿ ಸಣ್ಣ ಪರೀಕ್ಷೆಗಳಷ್ಟೇ ಆಗಿವೆ, ಬಿಡಿ. ವೇಲ್ಸ್‌ನಲ್ಲಿ ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡ ವೃದ್ಧರಲ್ಲಿ ಏಳು ವರ್ಷಗಳಲ್ಲಿ ಮರೆವಿನ ಕಾಯಿಲೆ ಸುಮಾರು 20% ಕಡಿಮೆ ಕಂಡಿತು. ಅದಕ್ಕೂ ಸರಿಯಾದ ಪರೀಕ್ಷೆ ಬೇಕು, ದುಡ್ಡು ಬೇಕು. ಮತ್ತೆ ಅದೇ ರಾಗ!

ಇನ್ನೊಂದು ಮಾತು. ಹಳೇ ಮಾತ್ರೆ ಉಲ್ಟಾನೂ ಹೊಡೆಯುತ್ತದೆ. ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆಗೆಂದು ಕೊಟ್ಟ ಅಮಿಟ್ರಿಪ್ಟಿಲಿನ್ ವಯಸ್ಸಾದವರಲ್ಲಿ ಮರೆವು ಜಾಸ್ತಿ ಮಾಡಬಹುದು. ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ಔಷಧಿ ಚೀಟಿ ಇವತ್ತೇ ತಂದಿದ್ದರೆ, ಊಟದ ಹೊತ್ತಿಗೆ ನಾನು ಇಲ್ಲೇ ಇರುತ್ತೇನೆ.