ಮೊದಲು ಬಣ್ಣವನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ಕಾರಿಗೆ ನೆಗ್ಗು ಬಿದ್ದೊಡನೆ ಎಲ್ಲರೂ ಅದರ ಆಳವನ್ನು ನೋಡಿ ಗಾಬರಿಪಡುತ್ತಾರೆ. ಮೂವತ್ತು ವರ್ಷಗಳಿಂದ ಟಿಂಕರಿಂಗ್ ಕೆಲಸ ಮಾಡುತ್ತಿರುವ ನಾನು ಮೊದಲು ಬಣ್ಣವನ್ನು ನೋಡುತ್ತೇನೆ. ಬಣ್ಣ ಬಿರುಕು ಬಿಟ್ಟಿಲ್ಲವಾದರೆ ದಯವಿಟ್ಟು ಅಲ್ಲಿ ಪುಟ್ಟಿ, ಅಂದರೆ ನೆಗ್ಗು ತುಂಬುವ ಲೇಪ, ಹಚ್ಚಿಸಬೇಡಿ.

ಕಾರಿನ ಹೊರ ತಗಡು ಸುಮಾರು 0.7 ಮಿಲಿಮೀಟರ್ ದಪ್ಪವಿರುತ್ತದೆ. ಅದರ ಮೇಲಿನ ಬಣ್ಣದ ಪದರಗಳೆಲ್ಲ ಸೇರಿದರೂ 0.1 ಮಿಲಿಮೀಟರಿನ ಆಸುಪಾಸು. ಕಾರ್ಖಾನೆಯಲ್ಲಿ ಸೀಟು, ವೈರು ಯಾವುದೂ ಇಲ್ಲದ ಬರಿಯ ಕವಚವನ್ನು 140 ಡಿಗ್ರಿ ಶಾಖದಲ್ಲಿ ಬೇಯಿಸಿ ಆ ಬಣ್ಣವನ್ನು ಗಟ್ಟಿಮಾಡಿರುತ್ತಾರೆ. ಎಲ್ಲವೂ ಜೋಡಣೆಯಾದ ಕಾರನ್ನು ನಾವು 60 ಡಿಗ್ರಿಯ ಸುಮಾರಿನಲ್ಲಿ ಒಣಗಿಸಬೇಕಾಗುತ್ತದೆ. ಪುಟ್ಟಿ ಹಚ್ಚಲೆಂದು ಉಪ್ಪುಕಾಗದದಿಂದ ಒಮ್ಮೆ ಉಜ್ಜಿ ತೆಗೆದ ಕಾರ್ಖಾನೆಯ ಬಣ್ಣವನ್ನು ಯಾವ ಗ್ಯಾರೇಜೂ ಮರಳಿ ಕೊಡಲಾರದು.

ತಿಪಟೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕಾರಿನ ಟಾಪ್ ಮೇಲೆ ತೆಂಗಿನಕಾಯಿ ಬಿದ್ದು, ತಟ್ಟೆಯಗಲದ ನೆಗ್ಗಾಗಿತ್ತು. ಬಣ್ಣಕ್ಕೆ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಕುದಿನೀರು ಸುರಿದು ನೆಗ್ಗು ತೆಗೆಯುವುದನ್ನು ಮೊಬೈಲಿನಲ್ಲಿ ನೋಡಿದ್ದ ಮೇಷ್ಟ್ರು, ಬಚ್ಚಲ ಹಂಡೆಯಿಂದ ಮೂರು ಬಾರಿ ನೀರು ಹೊತ್ತು ತಂದು ಸುರಿದರು. ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್ ಬಂಪರಿಗೆ ಆ ಉಪಾಯ ನಡೆಯುತ್ತದೆ. ಉಕ್ಕಿನ ತಗಡು ಹಂಡೆಯ ನೀರಿಗೆ ಜಗ್ಗುವುದಿಲ್ಲ. ಆಗ ಅವರ ಅಳಿಯಂದಿರು ಒಳಗಿನ ಹೊದಿಕೆಯನ್ನು ಇಳಿಸಿ, ಕೊಡತಿಯಿಂದ ನೆಗ್ಗಿನ ನಟ್ಟನಡುವಿಗೆ ಬಾರಿಸಿದರು. ನನ್ನಲ್ಲಿಗೆ ಬರುವಷ್ಟರಲ್ಲಿ ಆ ಟಾಪ್, ಹೆಬ್ಬೆರಳಿನಿಂದ ಒತ್ತಿದರೆ ಟಕ್ಕೆಂದು ಒಳಗೆ ಹೋಗಿ, ಬಿಟ್ಟರೆ ಟಕ್ಕೆಂದು ಹೊರಗೆ ಬರುತ್ತಿತ್ತು. ಏಟಿಗೆ ತಗಡು ಹಿಗ್ಗಿತ್ತು. ಹಿಗ್ಗಿದ ತಗಡನ್ನು ಕುಗ್ಗಿಸಲು ಕಾಸಿನಗಲದ ಚುಕ್ಕೆಗಳನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಬೇಕಾಯಿತು. ಬಣ್ಣವಂತೂ ಸುಟ್ಟೇ ಹೋಯಿತು.

“ನೀರು ಸುರಿದದ್ದು ತಪ್ಪಾಯಿತೇನಪ್ಪಾ?” ಎಂದು ಮೇಷ್ಟ್ರು ಕೇಳಿದರು.

“ನೀರಿನಿಂದ ಏನೂ ಆಗಿಲ್ಲ ಮೇಷ್ಟ್ರೇ” ಎಂದಷ್ಟೇ ಹೇಳಿದೆ. ಅಳಿಯಂದಿರು ಪಕ್ಕದಲ್ಲಿಯೇ ನಿಂತಿದ್ದರು.

ಆ ಕಾರು ಮೊದಲೇ ಬಂದಿದ್ದರೆ, ಟ್ಯೂಬ್‌ಲೈಟಿನ ಪ್ರತಿಬಿಂಬದ ಗೆರೆ ತಗಡಿನ ಮೇಲೆ ಮೂಡುವಂತೆ ನಿಲ್ಲಿಸಿ, ಟೇಪು ಸುತ್ತಿದ ಡೊಂಕು ಕಂಬಿಯನ್ನು ಒಳಗಿನಿಂದ ತೂರಿಸಿ, ಅಂಚಿನಿಂದ ನಡುವಿನವರೆಗೆ ಸುತ್ತಿಕೊಂಡು ಒಂದೊಂದು ಬಾರಿಗೆ ಅಕ್ಕಿಕಾಳಿನಷ್ಟು ಜಾಗವನ್ನು ಒತ್ತುತ್ತಾ, ಸೊಟ್ಟಗಾದ ಗೆರೆ ನೆಟ್ಟಗಾಗುವವರೆಗೆ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನದ ಕೆಲಸ. ಪುಟ್ಟಿಯೂ ಬೇಡ, ಸ್ಪ್ರೇಯೂ ಬೇಡ.

ಮೇಷ್ಟ್ರ ಕಥೆಯಲ್ಲಿಯೇ ನನ್ನ ಸಮಯ ಕಳೆದುಹೋಯಿತು. ಬಣ್ಣ ಒಡೆದಿದ್ದರೆ ತಡಮಾಡಬೇಡಿ, ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಆಗಲೂ ಡಾಲಿ (ತಗಡಿನ ಹಿಂದೆ ಆನಿಸಿ ಹಿಡಿಯುವ ಉಕ್ಕಿನ ಗಟ್ಟಿ), ಸುತ್ತಿಗೆಗಳಿಂದ ತಗಡನ್ನು ಸಮ ಮಾಡಿದ ನಂತರವೇ ತೆಳ್ಳಗೆ ಪುಟ್ಟಿ ಎಳೆಯಬೇಕು. ಗುಂಡಿ ಮುಚ್ಚಿದಂತೆ ತುಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳೆಯ ಕಾರು ಕೊಳ್ಳುವವರು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಆಡಿಸಲಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ಇದೆ. ಸಣ್ಣ ನೆಗ್ಗಿಗೆ ವಿಮೆ ಕೇಳುವ ಮುನ್ನ ನೋ ಕ್ಲೇಮ್ ಬೋನಸ್ಸಿನ ಲೆಕ್ಕ ಹಾಕಿ; ಐದು ವರ್ಷ ಕ್ಲೇಮ್ ಮಾಡದೆ ಕಾದು ಗಳಿಸಿದ ಶೇಕಡಾ 50ರ ರಿಯಾಯಿತಿ ಒಂದೇ ಕ್ಲೇಮಿಗೆ ಹೋಗುತ್ತದೆ.

ನಾಳೆ ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಆ ನೆಗ್ಗಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಎಲ್ಲಿಯೂ ತಡೆಯದಿದ್ದರೆ, ಪುಟ್ಟಿ ಡಬ್ಬಿಯ ಮುಚ್ಚಳ ತೆಗೆಯುತ್ತಿರುವ ಹುಡುಗನನ್ನು ಅಲ್ಲಿಯೇ ನಿಲ್ಲಿಸಿ. ನಮಸ್ಕಾರ.