ಅಜ್ಜಿ ಇರುವ ಮಕ್ಕಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯವಳು, ಶಾಲೆಯಲ್ಲಿ ಪಾಠ ಹೇಳುವವಳು. ನಮ್ಮ ಮನೆಯವರು ಕ್ರೈಸ್ತ ಸಭೆಯ ಕೆಲಸದಲ್ಲಿದ್ದಾರೆ. ಕೆಲವು ವರ್ಷದ ಹಿಂದೆ ನಾವಿಬ್ಬರೂ ನಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೀನ್ಯಾ ದೇಶಕ್ಕೆ ಹೋಗಿ, ಕಿಟಾಲೆ ಎಂಬ ಊರಿನ ಹತ್ತಿರ ಒಂದು ಮಕ್ಕಳ ಮನೆಯನ್ನು, ಅಂದರೆ ಅನಾಥಾಲಯವನ್ನು, ಒಂದು ವರ್ಷ ನಡೆಸಿದೆವು. ಜನವರಿಯಿಂದ ಡಿಸೆಂಬರ್‌ವರೆಗೆ. ಹೋದಾಗ ಆ ಮನೆಯಲ್ಲಿ 34 ಮಕ್ಕಳಿದ್ದರು. ಬಿಟ್ಟು ಬರುವಾಗ 19. ಈ ಲೆಕ್ಕ ಕೇಳಿ ಇಲ್ಲಿ ಕೆಲವರಿಗೆ ಬೇಜಾರಾಯಿತು. ನನಗೆ ಮಾತ್ರ ಅಷ್ಟು ಸಂತೋಷ ಕೊಟ್ಟ ಲೆಕ್ಕ ಇನ್ನೊಂದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ನಮ್ಮ ಅಜ್ಜಿಯ ಅಜ್ಜಿಯ ಮಾತು. 1876ರಿಂದ 78ರವರೆಗೆ ಮೈಸೂರು ಸೀಮೆಗೆ ದೊಡ್ಡ ಬರ ಬಂತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ ಬಂದದ್ದರಿಂದ ಧಾತು ಈಶ್ವರ ಬರ ಅಂತಲೇ ಹಿರಿಯರು ಕರೆಯುತ್ತಿದ್ದರು. ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ 10 ಲಕ್ಷದಷ್ಟು ಜನ ತೀರಿಕೊಂಡರು. ಐದು ಜನರಲ್ಲಿ ಒಬ್ಬರು! ದಿಕ್ಕಿಲ್ಲದೆ ಉಳಿದ ಮಕ್ಕಳನ್ನು ಸಾಕಲು ವೆಸ್ಲಿಯನ್ ಮಿಷನ್ ಎಂಬ ಇಂಗ್ಲೆಂಡಿನ ಕ್ರೈಸ್ತ ಸಂಸ್ಥೆಯವರು ತುಮಕೂರಿನಲ್ಲಿ ಗಂಡು ಮಕ್ಕಳಿಗೆ, ಹಾಸನದಲ್ಲಿ ಹೆಣ್ಣು ಮಕ್ಕಳಿಗೆ ಅನಾಥಾಲಯ ನಡೆಸಿದರು. ಹಾಸನದ ಆ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ನಮ್ಮ ಅಜ್ಜಿಯ ಅಜ್ಜಿ. ಅವಳಿಗೆ ಊಟ ಸಿಕ್ಕಿತು, ಅಕ್ಷರ ಸಿಕ್ಕಿತು, ಮದುವೆಯಾಯಿತು. ಅವಳು ಬದುಕಿದ್ದರಿಂದಲೇ ನಾನು ಇವತ್ತು ನಿಮ್ಮ ಜೊತೆ ಮಾತಾಡುತ್ತಿದ್ದೇನೆ.

ಆದರೆ ಅವಳ ಊರು ಯಾವುದು? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದುರ್ಗದ ಕಡೆಯವಳು, ಮನೆ ಮುಂದೆ ಹುಣಸೆ ಮರ ಇತ್ತು. ಅಷ್ಟೇ ಅವಳಿಗೂ ನೆನಪಿದ್ದದ್ದು. ದುರ್ಗದ ಕಡೆ ಹುಣಸೆ ಮರ ಇಲ್ಲದ ಊರು ಎಲ್ಲಿದೆ ಹೇಳಿ! ಚಿಕ್ಕವಳಿದ್ದಾಗ ನಮ್ಮಜ್ಜಿ ಜೊತೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗುವಾಗ, ಹುಣಸೆ ಮರ ಕಂಡಾಗೆಲ್ಲ ಅಜ್ಜಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ.

ಹೊರದೇಶದವರು ಬಂದು ನಮ್ಮವಳನ್ನು ಉಳಿಸಿದರು, ನಾವೂ ಒಂದು ವರ್ಷ ಕೊಡೋಣ. ಈ ಮನಸ್ಸಿನಿಂದ ನಾವು ಹೊರಟದ್ದು. ಊರಿನ ಹೆಸರು ಕಳೆದುಹೋದದ್ದರ ಬಗ್ಗೆ ಆಗ ನಾನು ಜಾಸ್ತಿ ಯೋಚಿಸಿರಲಿಲ್ಲ.

ಕಿಟಾಲೆ ಇರುವುದು ಸುಮಾರು 1,900 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ ಒಂದು ಪೇಟೆ ಅಂದುಕೊಳ್ಳಿ. ರಾತ್ರಿ ಚಳಿ. ಪಶ್ಚಿಮಕ್ಕೆ ಎಲ್ಗಾನ್ ಬೆಟ್ಟ, ಅದರಾಚೆ ಉಗಾಂಡ. ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ನಾವು ದಾವಣಗೆರೆಯವರು ನೋಡಿ, ಆ ಹೊಲ ಕಂಡ ಕೂಡಲೇ ಅರ್ಧ ಹೆದರಿಕೆ ಹೋಯಿತು. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಮೆಕ್ಕೆಜೋಳ ಹಳದಿ, ಲಾರಿ ತುಂಬಿ ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ಅವರದ್ದು ಬಿಳಿ. ಅದೇ ಅವರ ಅನ್ನ. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಸಟ್ಟುಗದಲ್ಲಿ ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ಉಗಾಲಿ ಅಂತ ಹೆಸರು. ಮೊದಲ ದಿನ ಅಡುಗೆಯಮ್ಮ ಒಲೆ ಮುಂದೆ ಎರಡೂ ಕೈಯಲ್ಲಿ ಸಟ್ಟುಗ ಹಿಡಿದು ಬಗ್ಗಿದ್ದನ್ನು ನೋಡಿ, "ಅಮ್ಮಾ, ಮುದ್ದೆ!" ಅಂತ ನನ್ನ ಮಗ ಕೂಗಿಕೊಂಡ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ವಾರವನ್ನು ಮುಂದೆ ತಳ್ಳು ಅಂತ ಆ ಮಾತಿನ ಅರ್ಥ. ಕೈಯಲ್ಲಿ ದುಡ್ಡಿಲ್ಲದಾಗ ವಾರ ದೂಡಿಸುವ ಸೊಪ್ಪು. ಬೆಳಿಗ್ಗೆ ಮಕ್ಕಳಿಗೆ ಗಂಜಿ, ಅದು ನಮ್ಮ ರಾಗಿಯದ್ದೇ. ನಿಜ ಹೇಳಬೇಕೆಂದರೆ ರಾಗಿ ಅವರದ್ದೇ. ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದ ಬೆಟ್ಟದ ನಾಡಿನಿಂದ ನಮ್ಮ ಕಡೆ ಬಂದ ಕಾಳು ಅದು.

ಅವರ ಭಾಷೆ ಕಿಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ. 34 ಮಕ್ಕಳು ನನ್ನನ್ನು ಮಾಮಾ ಮಾಮಾ ಅಂತ ಕರೆದಾಗ ನನ್ನ ಮಗಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನ್ಯಾನ್ಯಾ ಅಂದರೆ ಟೊಮೆಟೊ. ಅಜ್ಜಿಗೂ ಅದೇ ಮಾತು. ಈ ಪದವನ್ನು ನೆನಪಿಟ್ಟುಕೊಳ್ಳಿ.

ಆ ಮಕ್ಕಳು ಎಷ್ಟು ಪ್ರೀತಿಯವರು ಅಂದರೆ, ಗೇಟಿನೊಳಗೆ ಯಾರೇ ಬರಲಿ, ಓಡಿಬಂದು ಅಪ್ಪಿಕೊಳ್ಳುತ್ತಿದ್ದರು. ಪರದೇಶದಿಂದ ವಾರದ ಮಟ್ಟಿಗೆ ನೋಡಲು ಬಂದವರ ತೊಡೆ ಹತ್ತಿ ಕೂರುತ್ತಿದ್ದರು. ಅವರು ಹೊರಟಾಗ ಅಳುತ್ತಿದ್ದರು. ಮುಂದಿನ ತಿಂಗಳು ಇನ್ನೊಬ್ಬರು ಬಂದರೆ ಮತ್ತೆ ಅದೇ. ನನ್ನ ಮಗಳೋ, ಹೊಸಬರನ್ನು ಕಂಡರೆ ನನ್ನ ಸೀರೆ ಹಿಂದೆ ಅಡಗುವವಳು. ಈ ಮಕ್ಕಳನ್ನು ನೋಡಿ ಕಲಿ ಅಂತ ಅವಳಿಗೆ ನಾನೇ ಹೇಳಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ. ನೆಚ್ಚಿಕೊಳ್ಳಲು ತನ್ನದು ಅಂತ ಒಬ್ಬರಿರುವ ಮಗು ಹೊಸಬರನ್ನು ಕಂಡರೆ ಮೊದಲು ತನ್ನವರ ಕಡೆ ನೋಡುತ್ತದೆ. ಯಾರೂ ಇಲ್ಲದ್ದು ಸಿಕ್ಕವರನ್ನೆಲ್ಲ ಹಿಡಿದುಕೊಳ್ಳುತ್ತದೆ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ನೇ ಇಸವಿಯಿಂದ 136 ಎಳೆಯ ಮಕ್ಕಳನ್ನು ಇಟ್ಟುಕೊಂಡು ಸಂಶೋಧಕರು ಇದನ್ನೇ ವರ್ಷಗಟ್ಟಲೆ ನೋಡಿದರು. ಅನಾಥಾಲಯದಿಂದ ಒಂದು ಮನೆಗೆ, ಒಬ್ಬ ಸಾಕುತಾಯಿಯ ಕೈಗೆ ಹೋದ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಹೋದವರಂತೂ ಇನ್ನೂ ಚೆನ್ನಾಗಿ. ಇದನ್ನು ನನಗೆ ಹೇಳಿದವರು ಅಲ್ಲಿನ ಮಕ್ಕಳ ಅಧಿಕಾರಿಯಾಗಿದ್ದ ಒಬ್ಬ ಹೆಣ್ಣುಮಗಳು. ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಈಗ ಟ್ರಂಕಿನ ಮಾತಿಗೆ ಬರುತ್ತೇನೆ. ನಮ್ಮ ಹಾಸ್ಟೆಲ್ ಮಕ್ಕಳ ಹಾಗೆಯೇ ಅಲ್ಲೂ ಪ್ರತಿ ಮಗುವಿಗೆ ಒಂದು ತಗಡಿನ ಟ್ರಂಕು, ಒಂದು ಬೀಗ. ಶನಿವಾರ ಬಟ್ಟೆ ಒಗೆಯುವ ದಿನ. ಒಂಬತ್ತು ವರ್ಷದ ಒಬ್ಬ ಹುಡುಗ ಎಲ್ಲ ಬಟ್ಟೆ ಕೊಟ್ಟರೂ ಒಂದು ಗಂಟನ್ನು ಮಾತ್ರ ಟ್ರಂಕಿನಿಂದ ತೆಗೆಯುತ್ತಿರಲಿಲ್ಲ. ಒಂದು ದಿನ ನಾನೇ ಹೋಗಿ ತೆಗೆದೆ. ಹಳೆಯ ಲೆಸೋ. ಅಲ್ಲಿನ ಹೆಂಗಸರು ಸೊಂಟಕ್ಕೆ ಸುತ್ತುವ, ಹೆಗಲಿಗೆ ಹೊದೆಯುವ, ಕೂಸು ಕಟ್ಟಿಕೊಳ್ಳುವ ಅಚ್ಚಿನ ಬಟ್ಟೆ. ಕೆಂಪು ಅಂಚು ಮಾಸಿತ್ತು. ಒಂದು ಮೂಲೆ ಸುಟ್ಟು ತೂತಾಗಿತ್ತು. ನಾನು ಅದನ್ನು ಬಕೆಟ್ಟಿಗೆ ಹಾಕಲು ಹೋದರೆ ಹುಡುಗ ಎರಡೂ ಕೈಯಲ್ಲಿ ಕಿತ್ತುಕೊಂಡು ಮೂಗಿಗೆ ಒತ್ತಿಕೊಂಡ. ಸೌದೆ ಹೊಗೆಯ ವಾಸನೆ. "ನ್ಯಾನ್ಯಾ" ಅಂದ. ಒಗೆದರೆ ಅಜ್ಜಿಯ ವಾಸನೆ ಹೋಗುತ್ತದೆ.

ನಾನು ಆಫೀಸಿಗೆ ಬಂದು ರಿಜಿಸ್ಟರ್ ತೆಗೆದೆ. ಅವನ ಹೆಸರಿನ ಮುಂದೆ ಬರೆದಿತ್ತು: ತಂದೆ ಇಲ್ಲ, ತಾಯಿ ಇಲ್ಲ. ಅಜ್ಜಿ ಇದ್ದಾಳೆ ಅಂತ ಬರೆಯಲು ಅಲ್ಲಿ ಖಾನೆಯೇ ಇರಲಿಲ್ಲ.

ಏಪ್ರಿಲ್ ರಜೆಯಲ್ಲಿ ನಮ್ಮ ಮನೆಯವರು, ನಾನು, ಅಡುಗೆಯಮ್ಮ, ಹುಡುಗ, ಆ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಸಹಾಯಕ ಚೀಫ್, ಎಲ್ಲ ಸೇರಿ ಹೊರಟೆವು. ಅಲ್ಲಿ ಬಾಡಿಗೆಗೆ ಓಡಿಸುವ ಬೈಕಿಗೆ ಬೊಡಬೊಡಾ ಅನ್ನುತ್ತಾರೆ. ಮೂರು ಬೊಡಬೊಡಾ ಮಾಡಿಕೊಂಡೆವು. 14 ಕಿಲೋಮೀಟರ್. ದಾವಣಗೆರೆಯಿಂದ ಹರಿಹರದಷ್ಟೇ ದೂರ! ಎರಡು ವರ್ಷದಿಂದ ಆ ಮಗುವನ್ನು ಯಾರೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ಮಣ್ಣಿನ ಗೋಡೆ, ತಗಡಿನ ಮಾಡು. ಅಜ್ಜಿ ಹೊಲದಲ್ಲಿದ್ದಳು, ಮೆಕ್ಕೆಜೋಳದ ಸಾಲಿನ ಮಧ್ಯೆ ಅಕ್ಕಡಿಯಾಗಿ ಬೀನ್ಸ್ ಕಾಳು ಊರುತ್ತಿದ್ದಳು. ಹುಡುಗ ಓಡಲಿಲ್ಲ. ನಮ್ಮ ಗೇಟಿನಲ್ಲಿ ಯಾರ್ಯಾರನ್ನೋ ಓಡಿಹೋಗಿ ಅಪ್ಪಿಕೊಳ್ಳುತ್ತಿದ್ದವನು ಅಲ್ಲಿ ಬದುವಿನ ಮೇಲೆ ಸುಮ್ನೆ ನಿಂತುಬಿಟ್ಟ. ಅಜ್ಜಿಯೇ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದಳು.

ಅಡುಗೆಯಮ್ಮ ಅವಳ ಮಾತನ್ನು ನಮಗೆ ತಿಳಿಸಿ ಹೇಳಿದಳು. ಮಗಳು ಏಡ್ಸ್‌ನಿಂದ ತೀರಿಕೊಂಡಿದ್ದಳು. ಆ ಪಿಡುಗು ಅಲ್ಲಿ ಎಷ್ಟು ಮನೆ ಮುರಿಯಿತು ಅಂದರೆ 1999ರಲ್ಲಿ ಸರ್ಕಾರ ಅದನ್ನು ರಾಷ್ಟ್ರದ ವಿಪತ್ತು ಅಂತಲೇ ಸಾರಿತ್ತು. ಈಗ ಔಷಧಿ ಸಿಗುತ್ತದೆ, ಆದರೂ ತಡವಾಗಿ ಹೋದವರು ಉಳಿಯುವುದಿಲ್ಲ. ಮೂವರು ಮೊಮ್ಮಕ್ಕಳು ಅಜ್ಜಿಯ ಕೈಗೆ ಬಂದರು. 2003ರಿಂದ ಅಲ್ಲಿ ಪ್ರಾಥಮಿಕ ಶಾಲೆಗೆ ಫೀಸಿಲ್ಲ. ಆದರೆ ಯೂನಿಫಾರ್ಮು, ಶೂ, ನೋಟ್‌ಬುಕ್ಕಿಗೆ ದುಡ್ಡು ಬೇಕಲ್ವಾ? ಇಬ್ಬರಿಗೆ ಹೊಂದಿತು, ಮೂರನೆಯವನಿಗೆ ಆಗಲಿಲ್ಲ. ಯಾರೋ ಬಂದು ಓದಿಸುತ್ತೇವೆ ಅಂದರು. ಅಜ್ಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. "ಹಾಸ್ಟೆಲ್ಲು ಅಂದುಕೊಂಡೆ, ರಜೆಗೆ ಕಳಿಸುತ್ತೀರಿ ಅಂತ ಕಾಯುತ್ತಿದ್ದೆ" ಅಂದಳು.

ನನಗೆ ಹಾಸನ ನೆನಪಾಯಿತು. ಹುಣಸೆ ಮರದ ಹತ್ತಿರವೂ ಯಾರಾದರೂ ಕಾಯುತ್ತಿದ್ದರೋ ಏನೋ. ಆಗ ಬರ, ಕೇಳಲು ಯಾರೂ ಉಳಿದಿರಲಿಲ್ಲ. ಈಗ ನಮಗೆ ಆ ನೆಪ ಇರಲಿಲ್ಲ.

ವಾಪಸ್ ಬಂದು ಒಬ್ಬೊಬ್ಬರ ಹೆಸರೂ ಹಿಡಿದು ಕೂತೆವು. 34 ಮಕ್ಕಳಲ್ಲಿ ಅಪ್ಪ, ಅಮ್ಮ, ಅಜ್ಜಿ, ಸೋದರಮಾವ, ಯಾರಾದರೊಬ್ಬರು ಇರುವವರು 27 ಜನ. ಅಲ್ಲಿನ ಸರ್ಕಾರವೂ ಅಷ್ಟರಲ್ಲಿ ಇದೇ ದಾರಿ ಹಿಡಿದಿತ್ತು. 2017ರಲ್ಲೇ ಹೊಸ ಮಕ್ಕಳ ಮನೆಗಳ ನೋಂದಣಿ ನಿಲ್ಲಿಸಿತ್ತು. 2022ರಲ್ಲಿ ಮಕ್ಕಳ ಹೊಸ ಕಾಯ್ದೆ ಬಂತು. ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಕ್ಕೆ ಮರಳಿಸಲು ಹತ್ತು ವರ್ಷದ ಯೋಜನೆಯೂ ಬಂತು.

ಕೇಳಲು ಸುಲಭ. ಮಾಡುವುದು ಕಷ್ಟ. ನಮಗೆ ಹಣ ಕೊಡುತ್ತಿದ್ದವರು ಕೊಡುತ್ತಿದ್ದದ್ದು ತಲೆ ಲೆಕ್ಕದಲ್ಲಿ. ಮಗು ಮನೆಗೆ ಹೋದರೆ ಆ ಮಗುವಿನ ದುಡ್ಡು ನಿಂತುಹೋಗುತ್ತದೆ. ಅಡುಗೆಯಮ್ಮ ಒಂದು ಸಂಜೆ ಬಂದು, "ಮಾಮಾ, ಮಕ್ಕಳೆಲ್ಲ ಹೋದರೆ ನನ್ನ ಮಕ್ಕಳ ಗತಿ?" ಅಂದಳು. ಅವಳದ್ದು ನ್ಯಾಯವಾದ ಮಾತು. ನಮ್ಮ ಮನೆಯವರು ದಾನಿಗಳಿಗೆ ಪತ್ರದ ಮೇಲೆ ಪತ್ರ ಬರೆದರು: ಅದೇ ದುಡ್ಡನ್ನು ಅಜ್ಜಿಯ ಮನೆಗೆ ಕೊಡಿ, ಇಲ್ಲಿಗಿಂತ ಕಡಿಮೆಯೇ ಸಾಕು. ಕೆಲವರು ಒಪ್ಪಿದರು. ಒಬ್ಬರು, ಮಗುವಿನ ಫೋಟೋ ಬರುವುದಿಲ್ಲ ಅಂದರೆ ನಮಗೆ ಬೇಡ ಅಂದುಬಿಟ್ಟರು. ಅಡುಗೆಯಮ್ಮನಿಗೆ ಹೊಸ ಕೆಲಸ ಕೊಟ್ಟೆವು. ಮನೆಗೆ ಹೋದ ಮಕ್ಕಳನ್ನು ತಿಂಗಳಿಗೊಮ್ಮೆ ನೋಡಿಕೊಂಡು ಬರುವುದು. ಅವಳಷ್ಟು ಚೆನ್ನಾಗಿ ಅದನ್ನು ಯಾರೂ ಮಾಡಲಾರರು. ಒಲೆ ನೋಡಿದರೆ ಸಾಕು, ಆ ಮನೆಯಲ್ಲಿ ನಿನ್ನೆ ಅಡುಗೆ ಆಗಿದೆಯೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿತ್ತು.

ಎಲ್ಲವೂ ಸರಿಹೋಗಲಿಲ್ಲ. ಆಗಸ್ಟಿನಲ್ಲಿ ಕಳಿಸಿದ ಒಬ್ಬ ಹುಡುಗಿ ತಿಂಗಳೊಳಗೆ ವಾಪಸ್ ಬಂದಳು. ಮಲತಂದೆಯ ಕುಡಿತ, ಹೊಡೆತ. ತಪ್ಪು ನಮ್ಮದು, ಎರಡು ಸಲ ಹೋಗಿ ನೋಡಿದ್ದೇ ಸಾಕು ಅಂದುಕೊಂಡೆವು. ಅವಳಿಗೆ ಮಕ್ಕಳ ಮನೆಯೇ ಬೇಕು. ಉಳಿದ 19 ಮಕ್ಕಳಲ್ಲಿ ಅವಳೂ ಒಬ್ಬಳು. ಹಾಗಾಗಿ ಇಂಥ ಮನೆಗಳನ್ನೆಲ್ಲ ಮುಚ್ಚಿ ಅಂತ ನಾನು ಹೇಳುತ್ತಿಲ್ಲ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮಳೆ ಕೈಕೊಟ್ಟ ವರ್ಷ ಎಷ್ಟು ಜನ ಗುಳೆ ಹೋಗುತ್ತಾರೆ! ಮಕ್ಕಳು ಅಜ್ಜಿ ಹತ್ತಿರ ಉಳಿಯುತ್ತಾರೆ. ಅಜ್ಜಿ ಕೈಲಿ ಆಗದಿದ್ದರೆ ಯಾವುದಾದರೂ ಆಶ್ರಮಕ್ಕೆ ಸೇರಿಸೋಣ ಅನ್ನುವವರಿದ್ದಾರೆ. ಸೇರಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಒಂದಿದೆ. ಅಪ್ಪ ಅಮ್ಮ ಇಲ್ಲದೆ ಬಂಧುಗಳ ಮನೆಯಲ್ಲಿರುವ ಮಗು, ಗಂಡ ಸತ್ತ ಅಥವಾ ಬಿಟ್ಟುಹೋದ ತಾಯಿಯ ಮಗು, ಇಂಥವರಿಗೆ ತಿಂಗಳಿಗೆ 4,000 ರೂಪಾಯಿ. ಮಗು ಮನೆಯಲ್ಲೇ ಇರಬಹುದು. ಕುಟುಂಬದ ವರ್ಷದ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿ ಕೇಳಿ. ಮಗು ತೊಂದರೆಯಲ್ಲಿದೆ ಅನಿಸಿದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ದಾನ ಕೊಡುವವರಿಗೂ ನನ್ನದೊಂದು ಕೋರಿಕೆ. ಹುಟ್ಟುಹಬ್ಬಕ್ಕೆ ಮಕ್ಕಳ ಮನೆಗೆ ಹೋಗಿ ಸಿಹಿ ಹಂಚಿ ಬರುತ್ತೀರಿ, ಒಳ್ಳೆಯದೇ. ಹಾಗೆಯೇ ಆಫೀಸಿಗೆ ಹೋಗಿ, ಈ ಮಗುವಿನ ಊರು ಯಾವುದು, ಅಲ್ಲಿ ಯಾರಿದ್ದಾರೆ, ಹೋದ ರಜೆಗೆ ಹೋಗಿತ್ತಾ ಅಂತ ಕೇಳಿ ಬನ್ನಿ.

ಆ ಹುಡುಗ ಆಗಸ್ಟ್ ರಜೆಗೆ ಹೋದವನು ಅಜ್ಜಿ ಮನೆಯಲ್ಲೇ ಉಳಿದ. ಕಳಿಸುವಾಗ ಯೂನಿಫಾರ್ಮು, ಶೂ, ಒಂದು ಮೂಟೆ ಗೊಬ್ಬರ ಕೊಟ್ಟಿದ್ದೆವು, ಟ್ರಂಕನ್ನೂ ಹೊರಿಸಿ ಕಳಿಸಿದ್ದೆವು. ಡಿಸೆಂಬರಿನಲ್ಲಿ ಊರಿಗೆ ಹೊರಡುವ ಮೊದಲು ನಾವು ನಾಲ್ಕೂ ಜನ ಹೋಗಿ ಬಂದೆವು. ಸುಗ್ಗಿ ಮುಗಿದಿತ್ತು. ತೆನೆ ಬಿಡಿಸಿ ಅಂಗಳದಲ್ಲಿ ಕಾಳು ಹರವಿದ್ದರು. ಅಜ್ಜಿ ನಮಗೋಸ್ಕರ ಚಪಾತಿ ಮಾಡಿದ್ದಳು. ಅಲ್ಲಿ ಚಪಾತಿ ಹಬ್ಬದ ಅಡುಗೆ. ನನ್ನ ಮಗಳು ಒಲೆ ಮುಂದೆ ಕೂತು ಅವಳಿಗೆ ಲಟ್ಟಿಸಿ ಕೊಟ್ಟಳು.

ಹೊರಡುವಾಗ ಹುಡುಗ ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಗೋಡೆ ಮೂಲೆಯಲ್ಲಿ ಟ್ರಂಕು. ಬೀಗ ಇರಲಿಲ್ಲ. ಮುಚ್ಚಳ ಎತ್ತಿದ. ಒಂದು ಕಡೆ ಮೂವರ ಪುಸ್ತಕ, ಇನ್ನೊಂದು ಕಡೆ ಮಾರ್ಚಿಗೆ ಊರಲು ಇಟ್ಟ ಬೀನ್ಸ್ ಬೀಜ. ಇಲಿ ಮುಟ್ಟಬಾರದು ಅಂತ ಅಜ್ಜಿ ಅದರಲ್ಲಿ ಇಟ್ಟಿದ್ದಳು. ಲೆಸೋ ಎಲ್ಲಿ ಅಂತ ಕೇಳಿದೆ. ಅವನು ಬಾಗಿಲ ಕಡೆ ತೋರಿಸಿದ. ಹೊರಗೆ ತಂತಿಯ ಮೇಲೆ, ಒಗೆದು ಹರವಿದ್ದರು.

ನಮಸ್ಕಾರ.